ಹಿಂದೆ ಓಡುತ್ತಿದ್ದ ಇಂಜಿನ್ನು

ಮಾರ್ಚ್ 3

ಮಾನ್ಯ ಇಂಜಿನ್ ಡಾಕ್ಟರ್ ಸಾರ್ ಅವರಿಗೆ,

ನಿಮ್ಮ ವಿಳಾಸ ಕೊಟ್ಟದ್ದು ನಮ್ಮ ಹಡಗಿನ ಮೆಕ್ಯಾನಿಕ್. ಹಳೇ ಆಟದ ರೈಲುಗಳಿಗೆ ಜೀವ ಬರಿಸುವವರು ಇನ್ನೂ ಯಾರಾದರೂ ಇದ್ದರೆ ಅದು ನೀವೇ ಎಂದರು. ಈ ಪಾರ್ಸೆಲ್ಲಿನಲ್ಲಿ ಒಂದು ಇಂಜಿನ್ನು, ಅದರ ಕಲ್ಲಿದ್ದಲ ಬಂಡಿ, ಒಂದಿಷ್ಟು ಹಳಿ ಇವೆ. ನಾನು ಹಡಗಿನ ಅಡುಗೆಯವಳು, ಸುತ್ತಲು ಕೈಗೆ ಸಿಕ್ಕಿದ್ದು ಅಡುಗೆಮನೆಯ ಬಟ್ಟೆಗಳೇ. ಒಗೆದವು, ಗಾಬರಿಯಾಗಬೇಡಿ.

ಇಂಜಿನ್ನು ನಮ್ಮಪ್ಪನದು. ಅವರು ಹೋದ ಮೇಲೆ ಅಟ್ಟದಲ್ಲಿತ್ತು. ಈಗ ಕರೆಂಟು ಕೊಟ್ಟರೆ ಸಣ್ಣಗೆ ಗೊಣಗುತ್ತದೆ, ಅಲುಗುವುದಿಲ್ಲ. ಇದು ಹಿಂದೆ ಓಡುತ್ತಿತ್ತು. ಹಾಗೇ ಓಡುವಂತೆ ಮಾಡಿಕೊಡಿ, ಇನ್ನೇನೂ ಬೇಡ. ಬಣ್ಣ ಹೊಡೆಯಬೇಡಿ, ಹೊಳಪು ಕೊಡಬೇಡಿ. ಇದು ಯಾವ ಜಾತಿಯದು ಎಂದು ತಿಳಿದರೆ ಒಂದು ಸಾಲು ಬರೆಯಿರಿ, ಅಪ್ಪನಿಗೂ ಗೊತ್ತಿರಲಿಲ್ಲ.

ಅವಸರಕ್ಕೆ ಕಾರಣವಿದೆ. ನನಗೊಬ್ಬಳು ಮಗಳು. ಅವಳಪ್ಪ ಇಲ್ಲ, ನಾನು ಸಮುದ್ರಕ್ಕೆ ಹೋದಾಗ ಅವಳನ್ನು ನೋಡಿಕೊಳ್ಳುವುದು ನನ್ನ ಅಣ್ಣ. ಮೊದಲೆಲ್ಲ ಕಿಟಕಿಗೆ ಬಂದು ಟಾಟಾ ಮಾಡುತ್ತಿದ್ದಳು. ಹೋದ ಸಲದಿಂದ ನಾನು ಚೀಲ ಎತ್ತಿಕೊಂಡ ಕೂಡಲೇ ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ. ಎಷ್ಟು ಕರೆದರೂ ಬರುವುದಿಲ್ಲ. ಮೇ ತಿಂಗಳಲ್ಲಿ ಮತ್ತೆ ಹೊರಡಬೇಕು. ಅವಳ ಮುಖ ನೋಡದೆ ಇನ್ನೊಮ್ಮೆ ಹೊರಡುವುದು ನನ್ನಿಂದಾಗದು. ಈ ಇಂಜಿನ್ನು ಹೇಗೆ ಉಪಯೋಗಕ್ಕೆ ಬರುತ್ತದೆ ಎಂದು ಹೇಳಿದರೆ ನೀವು ನಗುತ್ತೀರಿ, ಅದಕ್ಕೆ ಹೇಳುವುದಿಲ್ಲ.

ಇಂತಿ,
ಹಡಗಿನ ಅಡುಗೆಯವಳು


ಮಾರ್ಚ್ 15

ಹಡಗಿನ ಅಡುಗೆಯವರಿಗೆ,

ನಿಮ್ಮ ಪಾರ್ಸೆಲ್ ಬಿಚ್ಚಿದಾಗ ಅಂಗಡಿಯೆಲ್ಲ ಸಾಬೂನಿನ ವಾಸನೆ. ಇಂಜಿನ್ನುಗಳು ನನ್ನಲ್ಲಿಗೆ ಬರುವುದು ಇಲಿ ಹಿಕ್ಕೆಯ ಜೊತೆಗೆ. ಸ್ನಾನ ಮಾಡಿಸಿಕೊಂಡು ಬಂದದ್ದು ಇದೇ ಮೊದಲು. ನಿಮ್ಮ ಅಕ್ಷರ ಮಾತ್ರ ಮಳೆಯಲ್ಲಿ ನೆಂದ ಇರುವೆ ಸಾಲು. ಭೂತಗನ್ನಡಿ ಇಟ್ಟುಕೊಂಡೇ ಓದಿದೆ. ನನ್ನ ಬಳಿ ಅದಕ್ಕೇನೂ ಬರವಿಲ್ಲ ಬಿಡಿ.

ಇದರ ಮೈಮೇಲೆ ಎಲ್ಲೂ ಕಂಪನಿಯ ಹೆಸರಿಲ್ಲ. ಹೆಸರಿದ್ದರೆ ನನಗೇನು ಕೆಲಸ? ಇಂಥ ಹೊತ್ತಿನಲ್ಲಿ ನಾನು ಮೊದಲು ನೋಡುವುದು ತಿರುಪು. ಇದರ ತಿರುಪುಗಳು ಆಟದ ಸಾಮಾನಿನವಲ್ಲ, ಗೋಡೆ ಗಡಿಯಾರದವು. ಆಮೇಲೆ ಹೊಗೆಗೊಳವೆಯ ಬುಡವನ್ನು ಚೂರು ಕೆರೆದೆ. (ಬಯ್ಯಬೇಡಿ, ಸಾಸಿವೆಯಷ್ಟು ಜಾಗ.) ಕಪ್ಪಿನ ಕೆಳಗೆ ಹಸಿರು ಇದೆ. ಹೊಟ್ಟೆಯಡಿ ಒಂದು ಪುಟ್ಟ ನಾಲಿಗೆ ಇದೆ, ನಡುವಿನ ಮೂರನೇ ಹಳಿಯನ್ನು ನೆಕ್ಕಿಕೊಂಡು ಕರೆಂಟು ಹೀರುವುದಕ್ಕೆ. ದೊಡ್ಡ ಕಂಪನಿಗಳು ಆ ನಾಲಿಗೆಯನ್ನು ತಗಡಿನಲ್ಲಿ ಮಾಡುತ್ತಿದ್ದವು, ಇದು ಹಿತ್ತಾಳೆಯದು, ಕೈಯಲ್ಲಿ ಅರ ಹಾಕಿ ಉಜ್ಜಿದ್ದು. ಹಾಗಾದರೆ ಇದು ಯಾರೋ ಗಡಿಯಾರದವರು, ಗಡಿಯಾರ ಮಾರಾಟವಾಗದ ಕಾಲದಲ್ಲಿ, ಹೊಟ್ಟೆಪಾಡಿಗೆ ಮಾಡಿದ ಇಂಜಿನ್ನು. ಇಂಥದನ್ನು ಇನ್ನೊಂದೇ ಒಂದು ನೋಡಿದ್ದೇನೆ. ಕನಸಲ್ಲಿ ಕಂಡವರು ಬಸ್ಸಿನಲ್ಲಿ ಸಿಕ್ಕಿದ ಹಾಗಾಯಿತು.

ಇನ್ನು ರೋಗದ ವಿಷಯ. ಎಣ್ಣೆ ಗೋಂದಾಗಿದೆ, ಅದು ನೆಗಡಿ. ಮೋಟಾರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆ, ಅದು ಕೆಮ್ಮು. ಚಕ್ರಗಳಿಗೆ ಮಾತ್ರ ಒಳಗೇ ಹುಳುಕು ಹಿಡಿದಿದೆ. ಆ ಕಾಲದ ಮಿಶ್ರಲೋಹಕ್ಕೆ ಬರುವ ಕಾಯಿಲೆ ಅದು. ಮೇಲಿಂದ ಕಲ್ಲಿನಂತೆ ಕಾಣುತ್ತದೆ, ಮುಟ್ಟಿದರೆ ಪುಡಿ. ಹೊಸ ಚಕ್ರ ಎರಕ ಹೊಯ್ದು ಕಡೆಯಬೇಕು. ಅವಸರ ಮಾಡಿದರೆ ಕೆಲಸ ಕೆಡುತ್ತದೆ.

ಮಗಳಿಗೆ ಹೇಳಿ, ಇಂಜಿನ್ನು ಆಸ್ಪತ್ರೆಯಲ್ಲಿ ಅಳದೆ ಮಲಗಿದೆ ಎಂದು.

ಇಂತಿ,
ಇಂಜಿನ್ ಡಾಕ್ಟರ್


ಮಾರ್ಚ್ 22

ಸಾರ್,

ನಿಮ್ಮ ಕಾಗದವನ್ನು ಮಗಳಿಗೆ ಓದಿ ಹೇಳಿದೆ. ಅವಳನ್ನು ಮನೆಯಲ್ಲಿ ಚೂಟಿ ಅನ್ನುತ್ತೇವೆ. ನಾಲಿಗೆಯಿಂದ ಹಳಿ ನೆಕ್ಕುತ್ತದೆ ಎಂಬಲ್ಲಿ ನಕ್ಕಳು, ಆಮೇಲೆ ಹಳಿಗೆ ಏನು ರುಚಿ ಎಂದು ಕೇಳಿದಳು. ಅಡುಗೆಯವಳಾದರೂ ನನಗೆ ಗೊತ್ತಾಗಲಿಲ್ಲ.

ಅಕ್ಷರಕ್ಕೆ ಕ್ಷಮೆಯಿರಲಿ. ಬಲಗೈ ಮಣಿಕಟ್ಟು ಉಳುಕಿ ಇನ್ನೂ ಪೂರ್ತಿ ಸರಿಹೋಗಿಲ್ಲ.

ಅಪ್ಪ ಸೇತುವೆಗಳಿಗೆ ಬಣ್ಣ ಹೊಡೆಯುತ್ತಿದ್ದರು. ಒಂದು ಸೇತುವೆ ಮುಗಿಯುವ ಹೊತ್ತಿಗೆ ಇನ್ನೊಂದಕ್ಕೆ ತುಕ್ಕು. ಹಾಗಾಗಿ ಅವರೂ ನನ್ನ ಹಾಗೆ, ಮನೆಯಲ್ಲಿ ನೆಂಟರು. ಊರಿಗೆ ಬಂದಾಗ ಊಟದ ಮೇಜಿನ ಸುತ್ತ ಹಳಿ ಜೋಡಿಸಿ, ಇಡೀ ಮಧ್ಯಾಹ್ನ ಕೈಕಟ್ಟಿಕೊಂಡು ನೆಲದ ಮೇಲೆ ಕೂತಿರುತ್ತಿದ್ದರು. ಅಮ್ಮ ಅವರನ್ನು ದಾಟಿಕೊಂಡೇ ಓಡಾಡಬೇಕು. ನನಗೆ ಅಪ್ಪನ ಮುಖಕ್ಕಿಂತ ಆ ಸದ್ದು ಚೆನ್ನಾಗಿ ನೆನಪಿದೆ. ಈಗಲೂ ಹಡಗಿನ ಇಂಜಿನ್ನಿನ ಸದ್ದಿಗೆ ನಿದ್ದೆ ಹತ್ತುವಾಗ ಮೇಜಿನ ಕೆಳಗೆ ಮಲಗಿದ್ದೇನೆ ಅನ್ನಿಸುತ್ತದೆ.

ದಯವಿಟ್ಟು ಮೇ ತಿಂಗಳಿಗೆ ಮೊದಲು ಕಳಿಸಿ.


ಏಪ್ರಿಲ್ 28

ಅಡುಗೆಯವರಿಗೆ,

ಇಂಜಿನ್ನು ಹೊರಟಿದೆ. ಈ ಕಾಗದ ಅದರ ಪಾರ್ಸೆಲ್ಲಿನಲ್ಲೇ ಇದೆ. ತಡವಾಯಿತು, ಗೊತ್ತು. ಮೊದಲು ಹೊಯ್ದ ಚಕ್ರಗಳು ಒಂದು ಕೂದಲೆಳೆ ದೊಡ್ಡವಾಗಿ, ತಿರುವಿನಲ್ಲಿ ಕುಡುಕನ ಹಾಗೆ ವಾಲುತ್ತಿದ್ದವು. ಕರಗಿಸಿ ಮತ್ತೆ ಹೊಯ್ದೆ.

ಆಮೇಲೆ ನೋಡಿ ಒಂದು ತಮಾಷೆ. ಎಲ್ಲಾ ಸರಿ ಮಾಡಿ ಹಳಿಗಿಟ್ಟರೆ ಮಹಾರಾಯ ಹಿಮ್ಮುಖ ಹೊರಟ! ಈ ಜಾತಿಯ ಇಂಜಿನ್ನಿಗೆ ದಿಕ್ಕು ಬದಲಿಸುವ ಗುಂಡಿ ಇಲ್ಲ. ಮುಂದಕ್ಕೆ ಎಂದರೆ ಮುಂದಕ್ಕೆ, ಅಷ್ಟೇ. ಬಿಚ್ಚಿ ನೋಡಿದರೆ ಯಾರೋ ಅಡ್ಡಕಸುಬಿ ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಬೆಸೆದಿಟ್ಟಿದ್ದಾನೆ. ಬೆಸುಗೆಯೋ, ದೇವರಿಗೇ ಪ್ರೀತಿ. ಬಿಡಿಸಿ ಸರಿ ಮಾಡಿದೆ.

ಆಮೇಲೆ ಊಟವಾದ ಹೊತ್ತಿನಿಂದ ಸಂಜೆಯವರೆಗೆ ನನ್ನ ಕೋಣೆಯ ಸುತ್ತ ಓಡಿಸಿದೆ. ಗೋಡೆಗುಂಟ ಹಲಗೆ ಬಡಿದು ಹಳಿ ಹಾಕಿಕೊಂಡಿದ್ದೇನೆ, ಪರೀಕ್ಷೆಗೆ ಎಂದು ಹೆಸರು. ಪರದೆ ಎಳೆದು ಕುರ್ಚಿಗೆ ಒರಗಿದರೆ, ಇಂಜಿನ್ನು ಪುಸ್ತಕಗಳ ಹಿಂದೆ ಮರೆಯಾಗಿ, ಔಷಧಿ ಸೀಸೆಗಳ ಬಳಿ ಹೊರಬಂದು, ಕಿಟಕಿಯ ಬೆಳಕಿನ ಪಟ್ಟಿ ದಾಟಿ ಹೋಗುತ್ತದೆ. ಅರೆಗಣ್ಣಿನಲ್ಲಿ ನೋಡುತ್ತಿದ್ದರೆ ಅದು ನಿಂತು ಕೋಣೆಯೇ ತಿರುಗಿದಂತೆ. ಒಂದು ಹೊತ್ತಿನಲ್ಲಿ ಅದರೊಳಗೆ ನಾನೇ ಕೂತಿದ್ದೆ, ಯಾವುದೋ ಹಸಿರು ಊರಿಗೆ ಹೋಗುತ್ತಿದ್ದೆ. ಎಚ್ಚರವಾದಾಗ ಚಹಾ ತಣ್ಣಗಾಗಿತ್ತು.

ಕಳಿಸಲು ಬೇಜಾರಾಯಿತು. ಚೂಟಿ ಸಂತೋಷಪಟ್ಟಳೋ ಇಲ್ಲವೋ ಬರೆಯಿರಿ.

ಇಂಜಿನ್ ಡಾಕ್ಟರ್


ಜೂನ್ 2
ಬಂದರಿನಿಂದ

ಮಾನ್ಯರೇ,

ಬರೆಯಬಾರದು ಎಂದುಕೊಂಡಿದ್ದೆ. ಆದರೆ ನೀವು ಕೇಳಿದ್ದೀರಿ, ಕೇಳಿದವರಿಗೆ ಉತ್ತರ ಕೊಡದಿರುವುದು ನಮ್ಮ ಮನೆಯಲ್ಲಿಲ್ಲ.

ಪಾರ್ಸೆಲ್ ಬಂದದ್ದು ನಾನು ಹೊರಡುವ ಹಿಂದಿನ ದಿನ. ನಿಮ್ಮ ಕಾಗದ ಓದುವ ವ್ಯವಧಾನವೂ ಇರಲಿಲ್ಲ, ಹಳಿ ಜೋಡಿಸಿ ಚೂಟಿಯನ್ನು ಎದುರು ಕೂರಿಸಿದೆ. “ನೋಡು, ನಿಮ್ಮಜ್ಜನ ರೈಲು ಹೇಗೆ ಹೋಗುತ್ತೆ ನೋಡು” ಅಂದೆ. ಗುಂಡಿ ಒತ್ತಿದೆ. ಇಂಜಿನ್ನು ಅವಳಿಗೆ ಬೆನ್ನು ತೋರಿಸಿ ಸರ್ರನೆ ಹೊರಟುಹೋಯಿತು.

ನೀವು ಹೇಳಿದ ಅಡ್ಡಕಸುಬಿ ನಮ್ಮಪ್ಪ. ಚಿಕ್ಕವಳಿದ್ದಾಗ ರೈಲು ಬೆನ್ನು ತಿರುಗಿಸಿ ಹೊರಟ ಕೂಡಲೇ ನಾನು ಅಳುತ್ತಿದ್ದೆನಂತೆ. ಅಪ್ಪ ಸೇತುವೆಗೆ ಹೊರಟ ಹಾಗೆ ಕಾಣುತ್ತಿತ್ತೋ ಏನೋ. ಒಂದು ದಿನ ಅವರು ಇಂಜಿನ್ನು ಬಿಚ್ಚಿ ಏನೋ ಮಾಡಿದರು. ಅವತ್ತಿಂದ ಅದು ಹಿಂದೆ ಓಡುತ್ತಿತ್ತು. ದೂರ ಹೋಗುತ್ತಿದ್ದರೂ ಮುಖ ನನ್ನ ಕಡೆಗೇ. “ನೋಡು, ಹೋಗೋರೆಲ್ಲ ಬೆನ್ನು ತಿರುಗಿಸಲ್ಲ” ಅನ್ನುತ್ತಿದ್ದರು. ಚೂಟಿಗೂ ಅದೇ ಮಾತು ಹೇಳಬೇಕೆಂದಿದ್ದೆ. ನನ್ನ ಮೊದಲ ಕಾಗದದಲ್ಲೇ ಬರೆದಿದ್ದೆ ಸಾರ್, ಹಿಂದೆ ಓಡುತ್ತಿತ್ತು, ಹಾಗೇ ಓಡಬೇಕು ಎಂದು. ಅದೊಂದನ್ನೇ ಕೇಳಿದ್ದು.

ಚೂಟಿ ಇಂಜಿನ್ನು ಹಳಿ ಎಲ್ಲ ಬಾಚಿಕೊಂಡು ಮಂಚದ ಕೆಳಗೆ ಹೋದಳು. ಮರುದಿನ ನಾನು ಹೊರಟಾಗಲೂ ಅಲ್ಲೇ ಇದ್ದಳು. ಬಗ್ಗಿ ನೋಡಿದೆ, ಕಾಲಷ್ಟೇ ಕಂಡಿತು. ಅಣ್ಣ ಆಮೇಲೆ ಬರೆದಿದ್ದಾನೆ: ಒಳಗಿಂದಲೇ “ಅಮ್ಮ ತಿರುವು ದಾಟಿದಳಾ?” ಎಂದು ಮತ್ತೆ ಮತ್ತೆ ಕೇಳಿದಳಂತೆ. ದಾಟಿದಳು ಅಂದ ಮೇಲೇ ಹೊರಗೆ ಬಂದಳಂತೆ. ನಾನು ಹೋದೆ ಎಂದು ಖಾತ್ರಿಯಾಗುವವರೆಗೆ ಅವಳಿಗೆ ಹೊರಗೆ ಬರಲೂ ಇಷ್ಟವಿರಲಿಲ್ಲ.

ಚಕ್ರಗಳು ಚೆನ್ನಾಗಿವೆ. ಉಪಕಾರವಾಯಿತು.


ಜೂನ್ 20

ತಂಗಿ,

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಮೊದಲ ಕಾಗದ ಹುಡುಕಿ ತೆಗೆದೆ. ‘ಇದು ಹಿಂದೆ ಓಡುತ್ತಿತ್ತು.’ ನನ್ನ ಬಳಿ ಬರುವವರೆಲ್ಲ ಬರೆಯುವುದು ಇದನ್ನೇ ಅಲ್ಲವೇ? ಹಿಂದೆ ಓಡುತ್ತಿತ್ತು, ಈಗ ಓಡುವುದಿಲ್ಲ. ಮೊದಲು, ಆಗಿನ ಕಾಲದಲ್ಲಿ, ಎಂದು ತಾನೇ ಯಾರಾದರೂ ತಿಳಿಯುವುದು? ‘ಹಿಂದಕ್ಕೆ’ ಎಂದು ಬರೆದಿದ್ದರೆ ನಾನು ಆ ತಂತಿಗಳನ್ನು ಮುಟ್ಟುತ್ತಲೇ ಇರಲಿಲ್ಲ. ಒಂದು ‘ಕ್ಕೆ’ ತಾಯಿ, ಒಂದೇ ಒಂದು ‘ಕ್ಕೆ’! ಅಷ್ಟು ಮಸಿ ಉಳಿಸಿ ಏನು ಕಟ್ಟಿಕೊಂಡಿರಿ?

ಇಷ್ಟು ಬರೆದ ಮೇಲೆ ಸಿಟ್ಟು ಇಳಿಯಿತು. ತಪ್ಪು ನನ್ನದೂ ಹೌದು. ಆ ಬೆಸುಗೆ ನೋಡಿದಾಗ ನಕ್ಕೆ, ಯಾಕೆ ಹೀಗೆ ಮಾಡಿರಬಹುದು ಎಂದು ಕೇಳಿಕೊಳ್ಳಲಿಲ್ಲ. ತಂತಿ ಅದಲುಬದಲಾದರೂ ಬಿಗಿಯಾಗಿ, ಜೋಪಾನವಾಗಿ ಸುತ್ತಿದ್ದರು ನಿಮ್ಮಪ್ಪ. ಕೈತಪ್ಪಿನಿಂದ ಆದದ್ದಲ್ಲ ಎಂದು ಗೊತ್ತಾಗಬೇಕಿತ್ತು. ಅವರಿಗೆ ಅಡ್ಡಕಸುಬಿ ಅಂದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ.

ನಿಮ್ಮ ಅಣ್ಣನವರಿಗೆ ಹೇಳಿ ಇಂಜಿನ್ನನ್ನು ಇಲ್ಲಿಗೆ ತರಿಸಿ. ಚೂಟಿಯೂ ಬರಲಿ. ಅರ್ಧ ಗಂಟೆಯ ಕೆಲಸ. ನೀವು ಮರಳುವ ಹೊತ್ತಿಗೆ ಅದು ಹಿಂದಕ್ಕೇ ಓಡುತ್ತಿರುತ್ತದೆ.

ನಿನ್ನೆ ಮಧ್ಯಾಹ್ನ ಜೊಂಪು ಹತ್ತಿದಾಗ ನಿಮ್ಮ ಇಂಜಿನ್ನು ಕಂಡಿತು. ಸಮುದ್ರದ ಮೇಲೆ ಹಳಿ. ನೀರಿಗೆ ಹಬೆ ಬಿಡುತ್ತ, ನನ್ನ ಕಡೆ ಮುಖ ಮಾಡಿಕೊಂಡೇ, ಮೆಲ್ಲಗೆ ಸಣ್ಣದಾಗುತ್ತ ಹೋಯಿತು. ಹೆದರಿಕೆಯೇ ಆಗಲಿಲ್ಲ. ನಿಮ್ಮಪ್ಪ ಮಾಡಿದ್ದು ಏನು ಎಂದು ಆಗ ಅರ್ಥವಾಯಿತು.


ಜುಲೈ 11
ಇನ್ನೊಂದು ಬಂದರಿನಿಂದ

ಸಾರ್,

‘ಕ್ಕೆ’ ವಿಷಯ ಓದಿ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಜೊತೆಯವರು ಈರುಳ್ಳಿ ಹೆಚ್ಚುವುದು ಬಿಟ್ಟು ನೋಡಿದರು. ನನ್ನ ಅಣ್ಣನ ಕೆಲಸವೇ ಅಚ್ಚುಮನೆಯಲ್ಲಿ ಕರಡು ತಿದ್ದುವುದು. ಕಾಗದವನ್ನು ಅವನಿಗೆ ಒಮ್ಮೆ ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ, ನಾಚಿಕೆಯಾಯಿತು. ನಿಮ್ಮ ಮೇಲೆ ರೇಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಬೇರೆ ಯಾರ ಮೇಲೆ ರೇಗಲಿ?

ನಮ್ಮದು ಸಮುದ್ರದ ಆಳ ಅಳೆಯುವ ಹಡಗು. ಕಾಣದ ಒಂದು ಗೆರೆಯ ಮೇಲೆ ಹೋಗುತ್ತೇವೆ, ತಿರುಗುತ್ತೇವೆ, ಪಕ್ಕದ ಗೆರೆಯಲ್ಲಿ ಬರುತ್ತೇವೆ. ಈ ವಾರ ಪೂರ್ತಿ ಮಂಜು. ಹೋಗುತ್ತಿದ್ದೇವೋ ಬರುತ್ತಿದ್ದೇವೋ ತಿಳಿಯುವುದಿಲ್ಲ. ಕಿಟಕಿಯಾಚೆ ಬಿಳಿ, ಒಳಗೆ ಅನ್ನದ ಹಬೆ, ಅದೂ ಬಿಳಿ. ಬೆಳಗಿನ ಜಾವ ಪಾತ್ರೆಗಳು ಕೊಂಡಿಯಲ್ಲಿ ತೂಗಾಡುತ್ತ ಸದ್ದು ಮಾಡುವಾಗ, ಮಂಜಿನೊಳಗೆ ಎಲ್ಲೋ ನಮ್ಮ ಮನೆಯ ಕಿಟಕಿ ಇದೆ, ಕೈ ಚಾಚಿದರೆ ಸಿಗುತ್ತದೆ ಅನ್ನಿಸುತ್ತದೆ. ಚಾಚಿದರೆ ಬರೀ ತಂಪು.

ಅಣ್ಣನಿಗೆ ಬರೆದಿದ್ದೇನೆ, ಇಬ್ಬರೂ ಬರುತ್ತಾರೆ. ತಂತಿ ಬದಲಿಸಿಕೊಡಿ ಸಾರ್. ಮಗಳಿಗೆ ನಾನು ಬೇಡವಾಗಿಲ್ಲ ಎಂದು ಒಂದು ಸಲ ಗೊತ್ತಾದರೆ ಸಾಕು.


ಆಗಸ್ಟ್ 6

ತಂಗಿ,

ತಂತಿ ಬದಲಿಸಲಿಲ್ಲ. ಪೂರ್ತಿ ಓದಿ, ಆಮೇಲೆ ಬಯ್ಯಿರಿ.

ಮೊದಲು ಒಂದು ಸಣ್ಣ ಸಮಾಚಾರ. ಬಾಗಿಲು ತೆಗೆದರೆ ನಿಮ್ಮ ಅಣ್ಣ, “ಡಾಕ್ಟರ್ ಸಾರ್ ಇದ್ದಾರಾ?” ಅಂದರು. ಚೂಟಿ ಅವರ ಕೈ ಜಗ್ಗಿ, “ಮಾಮ, ಅಜ್ಜಿನೇ ಡಾಕ್ಟರು. ಬೆರಳು ನೋಡು, ಎಣ್ಣೆ” ಅಂದಳು. ಬೋರ್ಡಿನ ಮೇಲಿನ ಡಾಕ್ಟರ್ ನನ್ನ ಯಜಮಾನರು. ಅವರು ತೀರಿಕೊಂಡ ಮೇಲೂ ಕಾಗದಗಳು ಸಾರ್ ಎಂದೇ ಬಂದವು. ನಮ್ಮ ಭಾಷೆಯಲ್ಲಿ ‘ಮಾಡಿದೆ’ ‘ನೋಡಿದೆ’ ಎಂದು ಬರೆದರೆ ಗಂಡೋ ಹೆಣ್ಣೋ ಯಾರಿಗೂ ತಿಳಿಯುವುದಿಲ್ಲ. ನಾನೂ ಸುಮ್ಮನಿದ್ದೆ. ಹೆಂಗಸಿನ ಕೈಗೆ ಇಂಜಿನ್ನು ಕಳಿಸಲು ಹಿಂದೆಮುಂದೆ ನೋಡುವವರಿದ್ದಾರೆ. ನೀವು ಅಂಥವರಲ್ಲ ಎಂದು ಗೊತ್ತಾಗುವ ಹೊತ್ತಿಗೆ ಹೇಳಲು ಸಂಕೋಚವಾಯಿತು.

ಇರಲಿ. ಇಂಜಿನ್ನನ್ನು ಅಂಗಾತ ಮಲಗಿಸಿ, ತಿರುಪು ಬಿಚ್ಚಿ, ಬೆಸುಗೆ ಕಡ್ಡಿ ಕಾಯಿಸಲು ಇಟ್ಟೆ. ಚೂಟಿ ಮೇಜಿಗೆ ಗಲ್ಲ ಊರಿ ನಿಂತಿದ್ದಳು.

“ಏನ್ ಮಾಡ್ತೀರಿ ಅಜ್ಜಿ?”

“ಇದು ಹಿಂದಕ್ಕೆ ಹೋಗೋ ಹಾಗೆ ಮಾಡ್ತೀನಿ. ಆಗ ನಿನ್ನನ್ನೇ ನೋಡ್ಕೊಂಡು ಹೋಗುತ್ತೆ. ನಿಮ್ಮಮ್ಮನೇ ಹೇಳಿದ್ದು.”

ಹುಡುಗಿ ಎರಡೂ ಕೈ ಇಂಜಿನ್ನಿನ ಮೇಲೆ ಮುಚ್ಚಿಬಿಟ್ಟಳು. “ಬೇಡ. ಇದು ಸರಿಯಾಗಿ ಹೋಗುತ್ತೆ. ಮುಂದೆ ನೋಡ್ಕೊಂಡು ಹೋಗುತ್ತೆ.”

“ಬೆನ್ನು ತೋರಿಸಿ ಹೋದ್ರೆ ನಿನಗೆ ಬೇಜಾರಲ್ವಾ?”

“ಹಿಂದೆ ಹಿಂದೆ ಹೋದ್ರೆ ಬೀಳಲ್ವಾ?” ಅಂದಳು. ನನಗೇ ಬುದ್ಧಿ ಹೇಳುವ ಹಾಗೆ. “ಅಮ್ಮ ಬಿದ್ದಳಲ್ಲ.”

ನಿಮ್ಮ ಅಣ್ಣನಿಗೂ ಗೊತ್ತಿರಲಿಲ್ಲ. ಕಡ್ಡಿಯ ಸ್ವಿಚ್ಚು ಆರಿಸಿ, ಅವಳನ್ನು ಕುರ್ಚಿಯ ಮೇಲೆ ಕೂರಿಸಿಕೊಂಡು ಮೆಲ್ಲಗೆ ಕೇಳಿದೆ. ಅವಳು ಕಿಟಕಿಯಲ್ಲಿ ನಿಂತಿದ್ದಳಂತೆ. ನೀವು ಅವಳಿಗೆ ಕೈ ಬೀಸುತ್ತ ಬೀದಿಯುದ್ದಕ್ಕೂ ಹಿಂದಕ್ಕೆ ನಡೆಯುತ್ತ ಹೋದಿರಂತೆ. ತಿರುವಿನ ಹತ್ತಿರ ಪೈಪಿಗೆಂದು ಅಗೆದಿದ್ದ ಗುಂಡಿಯಲ್ಲಿ ಬಿದ್ದಿರಂತೆ. ಎದ್ದು, ಬಲಗೈ ಹಿಡಿದುಕೊಂಡು, ಎಡಗೈಯಲ್ಲಿ ಮತ್ತೆ ಟಾಟಾ ಮಾಡಿದಿರಂತೆ. “ನಾನು ಕಂಡ್ರೆ ಅಮ್ಮ ಹಿಂದೆ ಹಿಂದೆ ಹೋಗ್ತಾಳೆ. ಮಂಚದ ಕೆಳಗಿದ್ರೆ ಕಾಣಲ್ಲ. ಆಗ ಮುಂದೆ ನೋಡ್ಕೊಂಡು ಹೋಗ್ತಾಳೆ” ಅಂದಳು.

ಅದಕ್ಕೇ ತಂಗಿ, ತಿರುವು ದಾಟಿದಳಾ ಎಂದು ಅಷ್ಟು ಸಲ ಕೇಳಿದ್ದು.

ನನ್ನ ಕಣ್ಣಲ್ಲಿ ನೀರು ಬಂತು, ಕನ್ನಡಕ ಒರೆಸುವ ನೆಪ ಮಾಡಿದೆ. ನಿಮ್ಮ ಅಣ್ಣ ಆಗಲೇ ಕಿಟಕಿಯ ಕಡೆ ತಿರುಗಿಕೊಂಡಿದ್ದರು. ಇಂಜಿನ್ನು ಅವಳಿಗೆ ತುಂಬ ಇಷ್ಟ. ಮಂಚದ ಕೆಳಗೆ ಹಳಿ ಹಾಕಿಕೊಂಡು ದಿನಾ ಓಡಿಸುತ್ತಾಳೆ. ಈಗ ನಾನೇನು ಮಾಡಲಿ ಹೇಳಿ. ತಿರುಪು ಹಾಕಿ ಮುಚ್ಚಿದೆ. ಸಂಜೆಯವರೆಗೆ ನನ್ನ ಗೋಡೆಯ ಹಳಿಯ ಮೇಲೆ ಓಡಿಸಿದೆವು. ಅವಳು ನನ್ನ ತೋಳಿಗೆ ಒರಗಿ ನಿದ್ದೆಹೋದಳು. ಇಂಜಿನ್ನು ಪುಸ್ತಕಗಳ ಹಿಂದೆ ಹೋಗುತ್ತ, ಬರುತ್ತ ಇತ್ತು, ನಿಲ್ಲಿಸಲು ಮನಸ್ಸಾಗಲಿಲ್ಲ.

ಇಂತಿ,
ಅಜ್ಜಿ


ನವೆಂಬರ್ 4
ಬಂದರಿನಿಂದ

ಅಮ್ಮಾ,

ಇಷ್ಟು ದಿನ ಬರೆಯಲಿಲ್ಲ. ನಿಮ್ಮ ಕಾಗದವನ್ನು ಮಂಜಿನಲ್ಲಿ ಓದಿದೆ, ಬಿಸಿಲಲ್ಲಿ ಓದಿದೆ. ಏನು ಬರೆಯಬೇಕೋ ತಿಳಿಯಲಿಲ್ಲ. ಬಿದ್ದದ್ದು ನಿಜ. ಬೀದಿಯಲ್ಲಿ ಯಾರೂ ಇರಲಿಲ್ಲ, ಅವಳಿಗೆ ಅಷ್ಟು ದೂರ ಕಾಣಿಸಿರಲಾರದು ಎಂದುಕೊಂಡಿದ್ದೆ. ಯಾರಿಗೂ ಹೇಳಲಿಲ್ಲ. ನನ್ನ ಮಗಳು ನನ್ನನ್ನು ಕಾಯುತ್ತಿದ್ದಳು, ನಾನು ಅವಳಿಗೆ ನನ್ನ ಮೇಲೆ ಸಿಟ್ಟು ಎಂದುಕೊಂಡು ಆ ಸಮುದ್ರದಲ್ಲೆಲ್ಲ ಅಳುತ್ತ ತಿರುಗಿದೆ.

ರಜೆಗೆ ಮನೆಗೆ ಹೋದಾಗ ಆ ಮಾತು ಎತ್ತಲಿಲ್ಲ. ಇಬ್ಬರೂ ಮಂಚದ ಕೆಳಗೆ ಹೊಟ್ಟೆಯ ಮೇಲೆ ಮಲಗಿ ರೈಲು ಓಡಿಸಿದೆವು. ಅಲ್ಲಿ ಅರೆಗತ್ತಲೆ, ಹಳೇ ಎಣ್ಣೆಯ ವಾಸನೆ. ಎಷ್ಟೋ ಮಧ್ಯಾಹ್ನಗಳು ಹಾಗೇ ಕಳೆದವು. ಅಣ್ಣ ಊಟಕ್ಕೆ ಕರೆಯುವಾಗ ನಮ್ಮ ನಾಲ್ಕು ಕಾಲುಗಳಿಗೆ ಹೇಳಿ ಹೋಗುತ್ತಿದ್ದ.

ಹೊರಡುವ ದಿನ ಚೀಲ ಎತ್ತಿಕೊಂಡು ಅವಳಿಗೆ ಹೇಳಿದೆ: “ಚೂಟಿ, ಈ ಸಲ ನಾನು ತಿರುಗಿ ನೋಡಲ್ಲ. ಮುಂದೆ ನೋಡ್ಕೊಂಡೇ ಹೋಗ್ತೀನಿ. ನೀನು ಎಲ್ಲಿ ಬೇಕಾದ್ರೂ ಇರು.” ಅವಳು ಯೋಚನೆ ಮಾಡಿದಳು. ಮಂಚದ ಕಡೆಗೊಮ್ಮೆ ನೋಡಿದಳು. ನಾನು ಮೆಟ್ಟಿಲಿಳಿದೆ.

ತಿರುಗದೆ ನಡೆಯುವುದು ಎಷ್ಟು ಕಷ್ಟ ಅಮ್ಮಾ. ಕುತ್ತಿಗೆ ತಾನಾಗಿ ಹೊರಳುತ್ತದೆ. ಅವಳು ಮಂಚದ ಕೆಳಗೇ ಇದ್ದಾಳೆ, ಇರಲಿ, ಅವಳಿಗೆ ನಿಶ್ಚಿಂತೆ ಎಂದುಕೊಂಡು ಹೆಜ್ಜೆ ಹಾಕಿದೆ. ಸ್ವಲ್ಪ ದೂರ ಹೋಗಿದ್ದೆ, ಹಿಂದಿನಿಂದ ದನಿ ಕೇಳಿತು. “ಅಮ್ಮಾ, ಮುಂದೆ ಕಲ್ಲಿದೆ.” ದಾಟಿದೆ. “ಸೈಕಲ್ ಬರ್ತಿದೆ, ಈ ಕಡೆ ಬಾ.” ಪಕ್ಕಕ್ಕೆ ಸರಿದೆ. ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದರು. ನಾನು ಬೆನ್ನು ಮಾಡಿಕೊಂಡೇ, ಅವಳು ಹೇಳಿದಂತೆ ನಡೆದೆ. ದೂರವಾದಷ್ಟೂ ಅವಳು ದನಿ ಏರಿಸಿದಳು.

ತಿರುವಿಗೆ ಬಂದಾಗ ಕೂಗಿದಳು. “ಅಮ್ಮಾ, ನಿಲ್ಲು. ಪೂರ್ತಿ ನಿಲ್ಲು. ನಿಂತ್ಕೊಂಡು ತಿರುಗು.”

ನಿಂತೆ. ಚೀಲ ಕೆಳಗಿಟ್ಟು ತಿರುಗಿದೆ. ಅವಳು ಬಾಗಿಲ ಮೆಟ್ಟಿಲ ಮೇಲೆ ಬರಿಗಾಲಲ್ಲಿ ನಿಂತು ಕೈ ಬೀಸುತ್ತಿದ್ದಳು. ನಾನೂ ಬೀಸಿದೆ. ಸಾಕು ಅನ್ನಲು ಇಬ್ಬರಿಗೂ ಮನಸ್ಸಿರಲಿಲ್ಲ. ಕೊನೆಗೆ ಅವಳೇ ಕೈ ಇಳಿಸಿ, “ಈಗ ಆ ಕಡೆ ತಿರುಗಿ ಹೋಗಮ್ಮ, ನಾನು ನೋಡ್ತಿರ್ತೀನಿ” ಅಂದಳು.